ಹೃದಯದ ಸಿಟಿ ಸ್ಕ್ಯಾನಿಗೆ ಬರುವ ಮುನ್ನ, ವರದಿ ಕೈಗೆ ಸಿಕ್ಕ ಮೇಲೆ

ಎದೆನೋವು ಈಗಲೇ ಇದ್ದರೆ ಇದನ್ನು ಓದುತ್ತ ಕೂರಬೇಡಿ. ಎದೆ ಹಿಂಡಿದಂತಾಗಿ ಬೆವರು ಕಿತ್ತುಕೊಂಡು ಬರುತ್ತಿದ್ದರೆ, ನೋವು ಎಡಗೈಗೋ ದವಡೆಗೋ ಹತ್ತುತ್ತಿದ್ದರೆ 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಾಲ್ಲೂಕು ಮಟ್ಟದಲ್ಲೇ ಉಚಿತವಾಗಿ ಸಿಗಲಿ ಎಂದೇ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದಿರುವುದು. ಆಳಂದದಿಂದಲೋ ಚಿಂಚೋಳಿಯಿಂದಲೋ ಕಲಬುರಗಿ ಮುಟ್ಟುವಷ್ಟರಲ್ಲಿ ಹೃದಯದ ಸ್ನಾಯು ಎಷ್ಟೋ ಸತ್ತಿರುತ್ತದೆ. ಅಟ್ಯಾಕ್ ಆಗುತ್ತಿರುವಾಗ ಮಾಡಿಸುವ ಪರೀಕ್ಷೆ ಸಿಟಿ ಅಲ್ಲ.

ಈ ಬರಹ ಉಳಿದವರಿಗೆ: ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆಯಲ್ಲಿ ಏನೋ ಆಗುತ್ತದೆ, ಇಸಿಜಿಯಲ್ಲಿ ಸ್ಪಷ್ಟವಾಗಿ ಏನೂ ಸಿಕ್ಕಿಲ್ಲ, ಡಾಕ್ಟರು "ಸಿಟಿ ಕೊರೊನರಿ ಆಂಜಿಯೋಗ್ರಾಂ ಮಾಡಿಸಿಕೊಂಡು ಬನ್ನಿ" ಎಂದು ಚೀಟಿ ಬರೆದಿದ್ದಾರೆ ಎನ್ನುವವರಿಗೆ. ಅಂದರೆ ಕೈಯ ನಾಳಕ್ಕೆ ಅಯೋಡಿನ್ ಔಷಧ ಬಿಟ್ಟು ಹೃದಯದ ರಕ್ತನಾಳಗಳ ಚಿತ್ರ ತೆಗೆಯುವ ಸ್ಕ್ಯಾನ್. ನಾನು ಕಲಬುರಗಿಯಲ್ಲಿ ಸಿಟಿ ಯಂತ್ರ ನಡೆಸುವ ಟೆಕ್ನಿಶಿಯನ್. ಚಿತ್ರ ತೆಗೆಯುವುದು ನನ್ನ ಕೆಲಸ, ಓದುವುದು ರೇಡಿಯಾಲಜಿಸ್ಟರದು, ಔಷಧ ನಿರ್ಧರಿಸುವುದು ಹೃದಯದ ಡಾಕ್ಟರದು. ಆದರೆ ಒಳ್ಳೆಯ ಚಿತ್ರ ಬರಲು ನೀವು ಮಾಡಬೇಕಾದದ್ದನ್ನು ಹೇಳುವ ಹಕ್ಕು ನನಗಿದೆ. ವರದಿ ಹಿಡಿದು ಹೊರಗೆ ಬಂದವರು ಮೊದಲು ಪ್ರಶ್ನೆ ಕೇಳುವುದೂ ನನ್ನನ್ನೇ.

ಆ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವರೊಬ್ಬರು, ವಯಸ್ಸು ಐವತ್ತರ ಒಳಗೆ, ಸ್ಕ್ಯಾನಿಗೆ ಬಂದಿದ್ದರು. ವರದಿಯಲ್ಲಿ ಒಂದು ನಾಳದಲ್ಲಿ ಸ್ವಲ್ಪ ಕೊಬ್ಬು ಕೂತಿದೆ, ದಾರಿ ಮುಚ್ಚುವಷ್ಟು ಇಲ್ಲ ಎಂದು ಬಂತು. ಮಗನಿಗೆ ಸಂತೋಷವೋ ಸಂತೋಷ. "ಬ್ಲಾಕ್ ಇಲ್ಲಲ್ರಿ ಅಕ್ಕಾರ, ಇನ್ನ ಗುಳಿಗಿ ಬಿಡಬಹುದಲ್ರಿ?" ಅಂದ. "ಬ್ಯಾಡಪ್ಪ, ಡಾಕ್ಟರಿಗೆ ತೋರಿಸದ ಒಂದ್ ಗುಳಿಗೀನೂ ಬಿಡಬ್ಯಾಡ" ಅಂದೆ. ಯಾಕೆ ಹಾಗೆ ಅಂದೆ ಎಂಬುದನ್ನು ಸಾಲಿನಲ್ಲಿ ಇನ್ನೊಬ್ಬರು ಕಾಯುತ್ತಿರುವಾಗ ವಿವರಿಸಲು ಆಗುವುದಿಲ್ಲ. ಇಲ್ಲಿ ಹೇಳುತ್ತೇನೆ.

ಬ್ಲಾಕ್ ಒಂದೇ ಅಲ್ಲ

ಹೃದಯದ ಸ್ನಾಯುವಿಗೆ ರಕ್ತ ಕೊಡುವ ಮುಖ್ಯ ನಾಳಗಳು ಮೂರು. ಬಲಗಡೆ ಒಂದು, ಎಡಗಡೆಯದು ಒಂದಾಗಿ ಹೊರಟು ಎರಡಾಗಿ ಕವಲೊಡೆಯುತ್ತದೆ. ಈ ನಾಳಗಳ ಗೋಡೆಯೊಳಗೆ ವರ್ಷಗಟ್ಟಲೆ ಕೊಲೆಸ್ಟರಾಲ್ ಸೇರುತ್ತದೆ, ಅದನ್ನು ತೆಗೆಯಲು ಬಿಳಿರಕ್ತಕಣಗಳು ಬರುತ್ತವೆ, ಅಲ್ಲೇ ಉರಿಯೂತ ಶುರುವಾಗುತ್ತದೆ. ಹೀಗೆ ಕಟ್ಟಿಕೊಂಡ ಗಡ್ಡೆಗೆ ಪ್ಲಾಕ್ ಅನ್ನುತ್ತಾರೆ. ಪ್ಲಾಕ್ ನಿಧಾನವಾಗಿ ದಪ್ಪವಾಗಿ ದಾರಿ ಮುಚ್ಚಿ ಅಟ್ಯಾಕ್ ಆಗುತ್ತದೆ ಎಂದು ನಮ್ಮ ಜನ ತಿಳಿದಿದ್ದಾರೆ. ಬಹಳಷ್ಟು ಸಲ ಆಗುವುದೇ ಬೇರೆ. ದಾರಿಯನ್ನು ಅರ್ಧವೂ ಮುಚ್ಚಿರದ ಪ್ಲಾಕಿನ ತೆಳು ಮುಚ್ಚಳಿಕೆಯನ್ನು ಉರಿಯೂತ ಒಳಗಿನಿಂದ ಕೊರೆಯುತ್ತದೆ, ಒಂದು ದಿನ ಅದು ಹರಿಯುತ್ತದೆ, ಹರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಿಮಿಷಗಳಲ್ಲಿ ನಾಳ ಮುಚ್ಚುತ್ತದೆ. ನಿನ್ನೆ ಹೊಲಕ್ಕೆ ಹೋಗಿ ಬಂದ ಮನುಷ್ಯ ಇವತ್ತು ಕುಸಿಯುವುದು ಹೀಗೆ.

ಬ್ರಿಟನ್ನಿನ ಎಂಟು ಆಸ್ಪತ್ರೆಗಳಲ್ಲಿ ಹೃದಯದ ಸಿಟಿ ಮಾಡಿಸಿಕೊಂಡ 40,091 ಜನರನ್ನು ಹಿಂಬಾಲಿಸಿದ ಆರ್ಫಾನ್ ಎಂಬ ಅಧ್ಯಯನ 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆ ಜನರಿಗೆ ಮುಂದೆ ಆದ ಹೃದಯದ ದೊಡ್ಡ ತೊಂದರೆಗಳು 4,307. ಅದರಲ್ಲಿ 2,857 ಆದದ್ದು ಸಿಟಿಯಲ್ಲಿ ನಾಳ ಮುಚ್ಚುವಂಥ ಬ್ಲಾಕ್ ಇಲ್ಲದವರಿಗೆ! ಹಾಗಂತ ಬ್ಲಾಕ್ ಇಲ್ಲದವರಿಗೇ ಅಪಾಯ ಜಾಸ್ತಿ ಎಂದಲ್ಲ. ಪರೀಕ್ಷೆಗೆ ಬಂದವರಲ್ಲಿ ಐದರಲ್ಲಿ ನಾಲ್ವರು ಅಂಥವರೇ ಇದ್ದರು, ಅದಕ್ಕೇ ಒಟ್ಟು ಲೆಕ್ಕದಲ್ಲಿ ಅವರ ಪಾಲು ದೊಡ್ಡದಾಯಿತು. ಆದರೆ "ಬ್ಲಾಕ್ ಇಲ್ಲ" ಎಂದು ಹೇಳಿ ಮನೆಗೆ ಕಳಿಸಿದವರನ್ನು ಮರೆತುಬಿಡುವಂತಿಲ್ಲ ಎನ್ನುವುದಂತೂ ಇದರಿಂದ ಗೊತ್ತಾಗುತ್ತದೆ.

ಉರಿಯೂತ ಸಿಟಿಯಲ್ಲಿ ಕಾಣುವುದು ಹೇಗೆ

ಕೈಯಿಂದಲೋ ತೊಡೆಯಿಂದಲೋ ತಂತಿ ಹಾಕಿ ಮಾಡುವ ಆಂಜಿಯೋಗ್ರಾಂನಲ್ಲಿ ಕಾಣುವುದು ಔಷಧ ಹರಿಯುವ ದಾರಿ ಮಾತ್ರ. ಸಿಟಿಯಲ್ಲಿ ಗೋಡೆ ಕಾಣುತ್ತದೆ, ಗೋಡೆಯ ಹೊರಗೆ ನಾಳವನ್ನು ಸುತ್ತಿಕೊಂಡಿರುವ ಕೊಬ್ಬೂ ಕಾಣುತ್ತದೆ. ಈ ಕೊಬ್ಬು ಎಲ್ಲರಿಗೂ ಇರುತ್ತದೆ, ಸಣಕಲು ಮೈಯವರಿಗೂ. ಬಹಳ ವರ್ಷ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆಕ್ಸ್‌ಫರ್ಡಿನ ಚರಲಾಂಬೋಸ್ ಆಂಟೋನಿಯಾಡಿಸ್ ಅವರ ತಂಡ ಹೃದಯದ ಆಪರೇಷನ್ನಿಗೆ ಬಂದವರಿಂದ ಈ ಕೊಬ್ಬಿನ ತುಣುಕುಗಳನ್ನು ತೆಗೆದು ಪರೀಕ್ಷಿಸಿ 2017ರಲ್ಲಿ ಒಂದು ಸಂಗತಿ ತೋರಿಸಿತು. ಉರಿಯೂತವಿರುವ ನಾಳದಿಂದ ಹೊರಬರುವ ರಾಸಾಯನಿಕ ಸಂಕೇತಗಳು ಪಕ್ಕದ ಕೊಬ್ಬಿಗೆ ಮುಟ್ಟುತ್ತವೆ. ಅಲ್ಲಿ ಬೆಳೆಯಬೇಕಾದ ಕೊಬ್ಬಿನ ಕೋಶಗಳು ಪೂರ್ತಿ ಬಲಿಯುವುದಿಲ್ಲ. ಜಿಡ್ಡು ತುಂಬಿಕೊಳ್ಳದೆ ಸಣ್ಣದಾಗೇ ಉಳಿಯುತ್ತವೆ. ಜಿಡ್ಡಿನ ಪಾಲು ಇಳಿಯುತ್ತದೆ, ನೀರಿನ ಪಾಲು ಏರುತ್ತದೆ. ಶಹಾಪುರದ ಕಡೆಯ ರೈತರೊಬ್ಬರಿಗೆ ನಾನು ಇದನ್ನು ಹೇಳಿದ್ದು ಹೀಗೆ: ನಿಮ್ಮ ನಾರಾಯಣಪುರ ಕಾಲುವೆಯೊಳಗೆ ನೀರು ಸರಾಗ ಹರಿಯುತ್ತಿರಬಹುದು, ಆದರೆ ಒಂದು ಕಡೆ ದಂಡೆಯ ಮಣ್ಣು ಹಸಿಯಾಗಿದ್ದರೆ ಅಲ್ಲಿನ ಗೋಡೆ ಕೆಟ್ಟಿದೆ ಎಂದು ನಿಮಗೆ ನೋಡಿದ ಕೂಡಲೇ ಗೊತ್ತಾಗುತ್ತದಲ್ಲ?

ಈ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಅಂಕಿಯಲ್ಲಿ ಸಿಗುತ್ತದೆ. ಸಿಟಿ ಚಿತ್ರದ ಪ್ರತಿಯೊಂದು ಚುಕ್ಕೆಗೂ ಹೌನ್ಸ್‌ಫೀಲ್ಡ್ ಎಂಬ ಅಳತೆಯಲ್ಲಿ ಒಂದು ಅಂಕಿ ಇರುತ್ತದೆ. ನೀರಿಗೆ 0, ಗಾಳಿಗೆ ಮೈನಸ್ 1000. ಕೊಬ್ಬು ಬರುವುದು ಮೈನಸ್ 190ರಿಂದ ಮೈನಸ್ 30ರ ನಡುವೆ. ನಾಳದ ಸುತ್ತಲಿನ ಕೊಬ್ಬಿನಲ್ಲಿ ನೀರಿನಂಶ ಏರಿದಷ್ಟೂ ಅಂಕಿ ಸೊನ್ನೆಯ ಕಡೆಗೆ ಸರಿಯುತ್ತದೆ. ಇದನ್ನು ನಾಳದ ಉದ್ದಕ್ಕೂ ಅಳೆದು ತೆಗೆದ ಸೂಚ್ಯಂಕಕ್ಕೆ ಫ್ಯಾಟ್ ಅಟೆನ್ಯುಯೇಷನ್ ಇಂಡೆಕ್ಸ್, ಚಿಕ್ಕದಾಗಿ ಎಫ್‌ಎಐ ಎಂದು ಹೆಸರು. 2018ರಲ್ಲಿ ಜರ್ಮನಿಯ ಎರ್ಲಾಂಗೆನ್ ಮತ್ತು ಅಮೆರಿಕದ ಕ್ಲೀವ್‌ಲ್ಯಾಂಡ್‌ನ ರೋಗಿಗಳ ಹಳೆಯ ಸಿಟಿಗಳನ್ನು ಮತ್ತೆ ಅಳೆದಾಗ, ಬಲ ನಾಳದ ಸುತ್ತ ಈ ಅಂಕಿ ಮೈನಸ್ 70.1 ಅಥವಾ ಅದಕ್ಕಿಂತ ಸೊನ್ನೆಗೆ ಹತ್ತಿರ ಇದ್ದವರು ಮುಂದೆ ಹೃದಯದ ಕಾರಣಕ್ಕೆ ಸಾಯುವ ಸಂಭವ ಎರ್ಲಾಂಗೆನ್ ಗುಂಪಿನಲ್ಲಿ ಸುಮಾರು 9 ಪಟ್ಟು, ಕ್ಲೀವ್‌ಲ್ಯಾಂಡ್ ಗುಂಪಿನಲ್ಲಿ 5.6 ಪಟ್ಟು ಹೆಚ್ಚಿತ್ತು.

ಬಲ ನಾಳದಲ್ಲೂ ಅಳೆಯುವುದು ಮೊದಲ 10 ಮಿಲಿಮೀಟರ್ ಬಿಟ್ಟು, ಅಲ್ಲಿಂದ 50 ಮಿಲಿಮೀಟರ್‌ವರೆಗಿನ ಭಾಗವನ್ನು. ಸ್ಕ್ಯಾನಿಗೆ ಬರುವವರು ಇದೊಂದನ್ನು ತಿಳಿದುಕೊಂಡರೆ ಸಾಕು, ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಯಾಕೆಂದರೆ ಹೃದಯ ಬಡಿಯುವಾಗ ಎಲ್ಲಕ್ಕಿಂತ ಹೆಚ್ಚು ಅಲುಗಾಡುವ ನಾಳ ಈ ಬಲಗಡೆಯದೇ. ನಾಡಿ ಜೋರಾಗಿದ್ದರೆ ಮೊದಲು ಮಸುಕಾಗುವುದು ಅದರ ಚಿತ್ರ. ಮಸುಕಾದ ಚಿತ್ರದಲ್ಲಿ ನಾಳದಲ್ಲಿರುವ ಔಷಧದ ಬೆಳಕು ಪಕ್ಕದ ಕೊಬ್ಬಿನ ಮೇಲೆ ಹರಡಿಕೊಳ್ಳುತ್ತದೆ, ಆಗ ಅಂಕಿಯೇ ಸುಳ್ಳಾಗುತ್ತದೆ. ಬ್ಲಾಕ್ ನೋಡಲಿ, ಪ್ಲಾಕ್ ನೋಡಲಿ, ಉರಿಯೂತ ನೋಡಲಿ, ಎಲ್ಲಕ್ಕೂ ಮೊದಲು ನಾಡಿ ಇಳಿಯಬೇಕು.

ಹಿಂದಿನ ದಿನದಿಂದ

ನಮಗೆ ಬೇಕಾದದ್ದು ನಿಮಿಷಕ್ಕೆ 60ರ ಆಸುಪಾಸಿನ ನಾಡಿ. 65 ದಾಟಿದರೆ ಸಾಮಾನ್ಯವಾಗಿ ಮೆಟೊಪ್ರೊಲಾಲ್‌ನಂಥ ಗುಳಿಗೆ ಕೊಟ್ಟು, ಇಳಿಯುವವರೆಗೆ ಕೂರಿಸುತ್ತೇವೆ.

ನಾಡಿ ಕೆಡಿಸುವುದರಲ್ಲಿ ಮೊದಲನೆಯದು ಚಾ. ಜೇವರ್ಗಿಯಿಂದಲೋ ಸುರಪುರದಿಂದಲೋ ನಸುಕಿನ ಬಸ್ಸು ಹಿಡಿದು ಬಂದವರು ಕಲಬುರಗಿ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಮಾಡುವ ಮೊದಲ ಕೆಲಸ ಅದು. "ಚಾ ಕುಡದೀರೇನ್ರಿ ಕಾಕಾ?" ಅಂದರೆ "ಇಲ್ರಿ, ಉಪಾಸ ಬರ್ರಿ ಅಂದಿದ್ರಲ್ಲ, ಏನೂ ತಿಂದಿಲ್ಲ, ಬರೇ ಚಾ ಕುಡದೀನಿ" ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಚಾ ಊಟ ಅಲ್ಲ. ನಮ್ಮ ಲೆಕ್ಕದಲ್ಲಿ ಊಟಕ್ಕಿಂತ ತೊಂದರೆ ಕೊಡುವುದು ಚಾ. ಸ್ಕ್ಯಾನಿಗೆ 12 ಗಂಟೆ ಮೊದಲಿನಿಂದ ಚಾ, ಕಾಫಿ, ಕೋಲಾ ಯಾವುದೂ ಬೇಡ. ತಂಬಾಕು, ಗುಟ್ಕಾ, ಬೀಡಿ, ಸಿಗರೇಟೂ ಅಷ್ಟೇ. ನಿಕೋಟಿನ್ ನಾಡಿಯನ್ನು ಏರಿಸುತ್ತದೆ. ಬಾಯಲ್ಲಿ ತಂಬಾಕು ಇಟ್ಟುಕೊಂಡೇ ಮೇಜು ಹತ್ತುವವರಿದ್ದಾರೆ. ಉಸಿರು ಹಿಡಿಯುವಾಗ ಅದು ಗಂಟಲಿಗೆ ಇಳಿದರೆ ಕೆಮ್ಮು ಬರುತ್ತದೆ, ಅಲ್ಲಿಗೆ ಚಿತ್ರ ಹಾಳು.

ಘನ ಆಹಾರ ನಾಲ್ಕು ಗಂಟೆ ಮೊದಲು ನಿಲ್ಲಿಸಿ. ಬೆಳಿಗ್ಗೆ ಹತ್ತಕ್ಕೆ ಸ್ಕ್ಯಾನ್ ಇದ್ದರೆ ಸುಸಲಾ ಭಜ್ಜಿ ಸ್ಕ್ಯಾನ್ ಮುಗಿದ ಮೇಲೆ. ನೀರನ್ನು ಮಾತ್ರ ನಿಲ್ಲಿಸಬೇಡಿ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಬಿಸಿಲು 42 ಡಿಗ್ರಿ ದಾಟುತ್ತದೆ. "ಉಪವಾಸ" ಅಂದರೆ ಗುಟುಕು ನೀರೂ ಇಲ್ಲ ಎಂದುಕೊಂಡು ಬಂದವರ ರಕ್ತನಾಳ ಬತ್ತಿ ಸೂಜಿ ಹಾಕಲು ಸಿಗುವುದಿಲ್ಲ, ನಾಡಿಯೂ ಏರಿರುತ್ತದೆ, ಅಯೋಡಿನ್ ಔಷಧ ಕಿಡ್ನಿಗೆ ಭಾರವಾಗುತ್ತದೆ. ನೀರಿಗೆ ಮಿತಿ ಹಾಕಿಸಿಕೊಂಡಿರುವ ಹೃದಯ, ಕಿಡ್ನಿ ರೋಗಿಗಳು ಮಾತ್ರ ತಮ್ಮ ಡಾಕ್ಟರು ಹೇಳಿದಷ್ಟೇ ಕುಡಿಯಿರಿ. ರಂಜಾನ್ ತಿಂಗಳಲ್ಲಿ ರೋಜಾ ಇರುವವರು ಮೊದಲೇ ತಿಳಿಸಿದರೆ ಬೇರೆ ದಿನ ಕೊಡಬಹುದು.

ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ಚೀಟಿ ತನ್ನಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಅದನ್ನು ಹೇಳಿ. ಕಿಡ್ನಿ ಚೆನ್ನಾಗಿದ್ದರೆ ಸಾಮಾನ್ಯವಾಗಿ ನಿಲ್ಲಿಸಬೇಕಾಗಿಲ್ಲ. ಕಿಡ್ನಿಯ ಅಳತೆಯಾದ ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ 48 ಗಂಟೆ ನಿಲ್ಲಿಸಿ, ಕಿಡ್ನಿ ನೋಡಿಕೊಂಡು ಮತ್ತೆ ಶುರು ಮಾಡಿಸುತ್ತಾರೆ. ದಿನದ ಬಿಪಿ ಗುಳಿಗೆಯನ್ನು ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ. ಅಸ್ತಮಾ ಇದ್ದರೆ ಹೇಳಲೇಬೇಕು, ನಾಡಿ ಇಳಿಸುವ ಗುಳಿಗೆ ಅಂಥವರಿಗೆ ಉಸಿರು ಕಟ್ಟಿಸಬಹುದು. ಹಿಂದೆ ಸಿಟಿ ಇಂಜೆಕ್ಷನ್ನಿಗೆ ಮೈ ತುರಿಸಿದ್ದು, ಊದಿದ್ದು, ಥೈರಾಯ್ಡ್ ತೊಂದರೆ, ಗರ್ಭಿಣಿ ಇರಬಹುದೆಂಬ ಅನುಮಾನ, ಇವನ್ನೂ ಹೇಳಿ.

ಇನ್ನೊಂದು ಮಾತು, ಗಂಡಸರು ಹೆಂಡತಿ ಮಕ್ಕಳ ಮುಂದೆ ಹೇಳದೆ ಮುಚ್ಚಿಡುವಂಥದ್ದು. ನಾಳ ಹಿಗ್ಗಲಿ ಎಂದು ಸ್ಕ್ಯಾನಿಗೆ ಮುಂಚೆ ನಾಲಿಗೆ ಕೆಳಗೆ ನೈಟ್ರೋಗ್ಲಿಸರಿನ್ ಕೊಡುತ್ತೇವೆ. ವಯಾಗ್ರಾ ಜಾತಿಯ ಗುಳಿಗೆಯನ್ನು ಹಿಂದಿನ ಎರಡು ದಿನದೊಳಗೆ ತೆಗೆದುಕೊಂಡಿದ್ದರೆ ಎರಡೂ ಸೇರಿ ಬಿಪಿ ಅಪಾಯಕಾರಿಯಾಗಿ ಕುಸಿಯಬಹುದು. ಹೆಣ್ಣುಮಗಳಾದ ನನಗೆ ಹೇಳಲು ಸಂಕೋಚವಾದರೆ ಗಂಡು ಸಿಬ್ಬಂದಿಯನ್ನು ಪಕ್ಕಕ್ಕೆ ಕರೆದು ಹೇಳಿ. ಹೇಳದೆ ಮಾತ್ರ ಇರಬೇಡಿ.

ಮೇಜಿನ ಮೇಲೆ

ಎದೆಯ ಮೇಲೆ ಲೋಹ ಇರಬಾರದು. ಲೋಹದಿಂದ ಚಿತ್ರದಲ್ಲಿ ಗೆರೆಗಳೇಳುತ್ತವೆ. ಸರ, ತಾಯತ, ಪಿನ್ನು ಸುಲಭವಾಗಿ ತೆಗೆಯುತ್ತಾರೆ. ಕಷ್ಟ ಬರುವುದು ಎರಡು ಕಡೆ. ಒಂದು ತಾಳಿ. "ಗಂಡ ಇರೂತನಕ ಕೊಳ್ಳಾಗಿಂದು ತಗ್ಯಾಂಗಿಲ್ರಿ ಯವ್ವಾ" ಎನ್ನುವ ಹಿರಿಯರಿಗೆ ಒತ್ತಾಯ ಮಾಡಿದರೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ, ನಾಡಿ 90ಕ್ಕೆ ಹೋಗುತ್ತದೆ. ಅದಕ್ಕೆ ಮನೆಯಿಂದಲೇ ಅರಿಶಿಣ ಹಚ್ಚಿದ ನೂಲಿನ ದಾರ ತಂದು ಕಟ್ಟಿಕೊಳ್ಳಿ, ಕರಿಮಣಿ ಸರವನ್ನು ಅತ್ತೆಯ ಕೈಗೋ ಮಗಳ ಕೈಗೋ ಕೊಡಿ.

ಎರಡನೆಯದು ಲಿಂಗಾಯತರು ಕೊರಳಲ್ಲಿ ಧರಿಸುವ ಇಷ್ಟಲಿಂಗ. ಬೆಳ್ಳಿಯ ಕರಡಿಗೆ ಸರಿಯಾಗಿ ಹೃದಯದ ಮೇಲೆಯೇ ಕೂತಿರುತ್ತದೆ, ಮೈಯಿಂದ ಲಿಂಗವನ್ನು ಅಗಲಿಸಲು ಅವರು ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ. ಸ್ಕ್ಯಾನಿನಲ್ಲಿ ಎರಡೂ ಕೈ ತಲೆಯ ಮೇಲೆ ಎತ್ತಿರಬೇಕು, ಚಿತ್ರ ಬೀಳುವುದು ಎದೆಯ ಭಾಗಕ್ಕಷ್ಟೇ. ಕರಡಿಗೆಯಿಂದ ಲಿಂಗವನ್ನು ತೆಗೆದು ಒಂದು ವಸ್ತ್ರದಲ್ಲಿ ಸುತ್ತಿ ಎಡ ಮುಂಗೈಗೆ ಕಟ್ಟಿಕೊಂಡರೆ ಮೈಮೇಲೆ ಲಿಂಗವೂ ಇರುತ್ತದೆ, ಚಿತ್ರವೂ ಶುದ್ಧವಾಗಿ ಬರುತ್ತದೆ. ಸೂಜಿ ಹಾಕುವುದು ಬಲಗೈಗಾದ್ದರಿಂದ ಅದಕ್ಕೂ ಅಡ್ಡಿಯಿಲ್ಲ. ವಸ್ತ್ರ ನೀವೇ ತನ್ನಿ. ನಾಡಿ ಇಳಿಸಲು ಗುಳಿಗೆ ಎಷ್ಟು ಮುಖ್ಯವೋ ಈ ನೆಮ್ಮದಿಯೂ ಅಷ್ಟೇ ಮುಖ್ಯ ಎಂದು ನಾನು ನಂಬಿದ್ದೇನೆ.

ಎದೆಗೆ ಇಸಿಜಿಯ ಅಂಟುಪಟ್ಟಿಗಳನ್ನು ಹಚ್ಚುತ್ತೇವೆ. ಎರಡು ಬಡಿತಗಳ ನಡುವೆ ಹೃದಯ ಕ್ಷಣಕಾಲ ತಣ್ಣಗಿರುವಾಗಿನ ಚಿತ್ರವನ್ನೇ ಆರಿಸಿಕೊಳ್ಳಲು ಯಂತ್ರಕ್ಕೆ ಅದು ಬೇಕು. ಗಂಡಸರ ಎದೆಗೂದಲನ್ನು ಅಲ್ಲಲ್ಲಿ ಬೋಳಿಸಬೇಕಾಗಬಹುದು. ಹೆಣ್ಣುಮಕ್ಕಳು ಮುಂದೆ ಗುಂಡಿಯಿರುವ ಸಡಿಲ ಕುಪ್ಪಸ ಹಾಕಿ ಬಂದರೆ ಅನುಕೂಲ. ಹೆಣ್ಣು ಸಿಬ್ಬಂದಿ ಬೇಕೆಂದು ಕೇಳುವುದು ನಿಮ್ಮ ಹಕ್ಕು.

ಉಸಿರಿನ ಅಭ್ಯಾಸ ಮೊದಲೇ ಮಾಡಿಕೊಳ್ಳಿ. ಸುಮಾರು ಹತ್ತು ಸೆಕೆಂಡ್ ಹಿಡಿಯಬೇಕು. ಎದೆ ಉಬ್ಬಿಸಿ ಜೋರಾಗಿ ಎಳೆದುಕೊಳ್ಳಬೇಡಿ, ಮುಕ್ಕಾಲು ಉಸಿರು ಸಾಕು. ಪ್ರತಿ ಸಲವೂ ಅಷ್ಟೇ ತೆಗೆದುಕೊಳ್ಳಿ. ಯಂತ್ರದ ಧ್ವನಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬಂದರೆ ಹಿರಿಯರಿಗೆ ಗೊತ್ತಾಗುವುದಿಲ್ಲ. ನಾನು ಮೈಕಿನಲ್ಲಿ "ಉಸುರು ತಗೋರಿ, ಹಿಡೀರಿ" ಎಂದೇ ಹೇಳುತ್ತೇನೆ, ದರ್ಗಾ ಕಡೆಯ ಅಜ್ಜಿಯರಿಗೆ "ಸಾಂಸ್ ರೋಕೋ" ಅನ್ನುತ್ತೇನೆ, ಸೇಡಂ ಗಡಿಯಿಂದ ಬಂದವರಿಗೆ ಎರಡು ಮಾತು ತೆಲುಗಿನಲ್ಲಿ. ನೀವು ಹೋದ ಕಡೆ ಯಾರೂ ಹೀಗೆ ಹೇಳದಿದ್ದರೆ "ನಮ್ಮ ಭಾಷೆಯಲ್ಲಿ ಹೇಳಿ" ಎಂದು ಕೇಳಿ.

ಔಷಧ ಹೋಗುವಾಗ ಗಂಟಲಿನಿಂದ ಹೊಟ್ಟೆಯವರೆಗೆ ಬಿಸಿ ಹರಿದಂತಾಗುತ್ತದೆ, ಕೆಳಗೆ ಒದ್ದೆಯಾದಂತೆ ಅನ್ನಿಸುತ್ತದೆ. ಒದ್ದೆ ಆಗಿರುವುದಿಲ್ಲ. ಇದನ್ನು ಮೊದಲೇ ಹೇಳಿಸಿಕೊಳ್ಳದವರು ಗಾಬರಿಯಿಂದ ಸೊಂಟ ಎತ್ತುತ್ತಾರೆ, ಸರಿಯಾಗಿ ಅದೇ ಹೊತ್ತಿಗೆ ಯಂತ್ರ ಚಿತ್ರ ತೆಗೆಯುತ್ತಿರುತ್ತದೆ. ಕೈಯಲ್ಲಿ ಸೂಜಿಯ ಜಾಗ ಉರಿದು ಊದತೊಡಗಿದರೆ ಮಾತ್ರ ತಡೆದುಕೊಳ್ಳಬೇಡಿ, ಕೂಗಿ. ಹೊಸ ಯಂತ್ರಗಳಲ್ಲಿ ಈ ಪರೀಕ್ಷೆಯ ವಿಕಿರಣ ಸಾಮಾನ್ಯವಾಗಿ 5 ಮಿಲಿಸೀವರ್ಟ್‌ಗಿಂತ ಕೆಳಗೇ ಇರುತ್ತದೆ. ಭೂಮಿಯ ಮೇಲೆ ಸುಮ್ಮನೆ ಬದುಕಿದ್ದರೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬೀಳುತ್ತದೆ.

ಮುಗಿದ ಮೇಲೆ ಅರ್ಧ ಗಂಟೆ ಕೂತು ಹೋಗಿ, ನೀರು ಕುಡಿಯಿರಿ. ಚಾ ಈಗ ಕುಡಿಯಬಹುದು.

ಸಿಡಿ ಕೇಳಿ ಪಡೆಯಿರಿ

ಇದಕ್ಕೆ ನಾನು ಒತ್ತು ಕೊಟ್ಟು ಹೇಳುತ್ತೇನೆ. ಎಫ್‌ಎಐ ಅಳೆಯಲು ಬೇರೆ ಸ್ಕ್ಯಾನ್ ಬೇಡ, ಬೇರೆ ಇಂಜೆಕ್ಷನ್ ಬೇಡ. ಇದೇ ಚಿತ್ರಗಳನ್ನು ವಿಶೇಷ ಸಾಫ್ಟ್‌ವೇರಿಗೆ ಹಾಕಿ ಲೆಕ್ಕ ತೆಗೆಯುತ್ತಾರೆ. ನನ್ನ ಕೈಯಿಂದ ಹೊರಗೆ ಹೋಗುವ ವರದಿಗಳಲ್ಲಿ ಈ ಅಂಕಿ ಇನ್ನೂ ಇರುವುದಿಲ್ಲ. ಆದರೆ ಆಕ್ಸ್‌ಫರ್ಡಿನವರು ಲೆಕ್ಕ ಹಾಕಿದ್ದು ವರ್ಷಗಳ ಹಿಂದೆ ತೆಗೆದಿಟ್ಟ ಚಿತ್ರಗಳ ಮೇಲೆಯೇ. ಇವತ್ತಿನ ನಿಮ್ಮ ಚಿತ್ರ ನಾಳೆ ನಿಮಗೂ ಹಾಗೆ ಉಪಯೋಗಕ್ಕೆ ಬರಬಹುದು.

ಅದಕ್ಕೆ ಫಿಲ್ಮ್ ಸಾಲದು. ಫಿಲ್ಮಿನಲ್ಲಿ ಇರುವುದು ಆರಿಸಿದ ಕೆಲವು ಚಿತ್ರಗಳು. ಅದರ ಮೇಲೆ ಯಾವ ಅಂಕಿಯನ್ನೂ ಅಳೆಯಲಾಗುವುದಿಲ್ಲ. "ಡೈಕಾಮ್ ಸಿಡಿ ಕೊಡಿ, ತೆಳು ಸ್ಲೈಸಿನ ಚಿತ್ರಗಳು ಅದರಲ್ಲಿರಲಿ" ಎಂದು ಕೇಳಿ. ಡೈಕಾಮ್ ಅಂದರೆ ಅಂಕಿಗಳ ಸಮೇತ ಚಿತ್ರಗಳನ್ನು ಇಡುವ ಕಂಪ್ಯೂಟರ್ ಫೈಲು. ಒಂದು ಮಿಲಿಮೀಟರಿಗಿಂತ ತೆಳುವಾದ ಸ್ಲೈಸುಗಳು ಬೇಕು. ಎಷ್ಟು ಕಿಲೋವೋಲ್ಟಿನಲ್ಲಿ ಚಿತ್ರ ತೆಗೆದದ್ದು ಎಂಬುದೂ ಆ ಫೈಲಿನಲ್ಲೇ ದಾಖಲಾಗಿರುತ್ತದೆ. 100ರಲ್ಲಿ ತೆಗೆದ ಕೊಬ್ಬಿನ ಅಂಕಿ ಬೇರೆ, 120ರಲ್ಲಿ ತೆಗೆದದ್ದು ಬೇರೆ. ಸರಿದೂಗಿಸದೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಬೇರೆ ಊರಿನ ಒಂದು ಸೆಂಟರಿನಿಂದ ಬರೀ ಫಿಲ್ಮ್ ಹಿಡಿದು ಬಂದ ಹೆಣ್ಣುಮಗಳೊಬ್ಬಳು ಮತ್ತೆ ಇಡೀ ಪರೀಕ್ಷೆ ಮಾಡಿಸಿಕೊಳ್ಳಬೇಕಾಯಿತು. ಹಣವೂ ಹೋಯಿತು, ವಿಕಿರಣವೂ ಎರಡನೇ ಸಲ ಬಿತ್ತು. ಸಿಡಿಯನ್ನು ಮನೆಗೆ ಒಯ್ದು ಯಾರಾದರೂ ಓದಿದ ಹುಡುಗರಿಂದ ಪೆನ್‌ಡ್ರೈವಿಗೆ ನಕಲು ಮಾಡಿಸಿಡಿ. ಟ್ರಂಕಿನ ಬಿಸಿಗೆ ಸಿಡಿ ಹಾಳಾಗುತ್ತದೆ.

ವರದಿಯಲ್ಲಿ ಏನು ನೋಡಬೇಕು

ಕೊನೆಯ ಸಾಲಿನಲ್ಲಿ ಕ್ಯಾಡ್‌ರಾಡ್ಸ್ ಎಂದು 0ರಿಂದ 5ರವರೆಗಿನ ಅಂಕಿ ಇರಬಹುದು. 0 ಅಂದರೆ ಪ್ಲಾಕ್ ಕಂಡಿಲ್ಲ, 5 ಅಂದರೆ ನಾಳ ಪೂರ್ತಿ ಮುಚ್ಚಿದೆ. 1, 2 ಬಂದವರೇ "ಏನೂ ಇಲ್ಲ" ಎಂದು ಫೈಲು ಕಟ್ಟಿಡುವುದು. 1, 2 ಅಂದರೆ ಪ್ಲಾಕ್ ಇದೆ ಎಂದೇ ಅರ್ಥ, ದಾರಿ ಅರ್ಧದಷ್ಟು ಮುಚ್ಚಿಲ್ಲ ಅಷ್ಟೇ. ಪಕ್ಕದಲ್ಲಿ ಎಚ್‌ಆರ್‌ಪಿ ಎಂಬ ಅಕ್ಷರ ಇದ್ದರೆ ಅದು ಮುಚ್ಚಳಿಕೆ ಹರಿಯುವ ಲಕ್ಷಣವಿರುವ ಪ್ಲಾಕ್. ಅದರ ಮೇಲೆ ಬೆರಳಿಟ್ಟು ಡಾಕ್ಟರಿಗೆ ತೋರಿಸಿ. ನಾಳದ ಗೋಡೆಯಲ್ಲಿ ಎಷ್ಟು ಕ್ಯಾಲ್ಸಿಯಂ ಕೂತಿದೆ ಎಂದು ಹೇಳುವ ಕ್ಯಾಲ್ಸಿಯಂ ಸ್ಕೋರ್ 0 ಬಂದಿದ್ದರೆ ಒಳ್ಳೆಯದೇ, ಆದರೆ ಕ್ಯಾಲ್ಸಿಯಂ ಕೂರುವ ಮೊದಲಿನ ಮೆತ್ತನೆಯ ಪ್ಲಾಕ್ ಆ ಸ್ಕೋರಿನಲ್ಲಿ ಕಾಣುವುದಿಲ್ಲ. ನಮ್ಮ ದೇಶದಲ್ಲಿ ಅಟ್ಯಾಕ್ ಚಿಕ್ಕ ವಯಸ್ಸಿಗೇ ಬರುತ್ತದೆ; ನಲವತ್ತರ ಆಸುಪಾಸಿನ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರು ಬರೀ ಆ ಸೊನ್ನೆಯನ್ನು ನಂಬಿ ಕೂರಬಾರದು.

ಡಾಕ್ಟರ ಮುಂದೆ ಕೂತಾಗ "ಬ್ಲಾಕ್ ಎಷ್ಟು ಪರ್ಸೆಂಟ್" ಎಂದು ಕೇಳಿದ ಮೇಲೆ ಇನ್ನೂ ಮೂರು ಮಾತು ಕೇಳಿ: ಪ್ಲಾಕ್ ಎಷ್ಟು ಕಡೆ ಇದೆ, ಯಾವ ಜಾತಿಯದು? ನನ್ನ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಎಷ್ಟಕ್ಕೆ ಇಳಿಯಬೇಕು? ಈ ಗುಳಿಗೆ ಎಷ್ಟು ದಿನ? ಸ್ಕಾಟ್ಲೆಂಡಿನಲ್ಲಿ ಎದೆನೋವಿನ 4,146 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾಮೂಲಿ ತಪಾಸಣೆಯ ಜೊತೆ ಈ ಸಿಟಿಯನ್ನೂ ಮಾಡಿಸಿದರು. ಐದು ವರ್ಷದಲ್ಲಿ ಹೃದಯಾಘಾತ ಅಥವಾ ಹೃದಯದ ನಾಳದ ಕಾಯಿಲೆಯಿಂದ ಸಾವು ಆದದ್ದು ಸಿಟಿ ಗುಂಪಿನಲ್ಲಿ ಶೇ. 2.3, ಇನ್ನೊಂದರಲ್ಲಿ ಶೇ. 3.9. ಸಿಟಿ ಯಂತ್ರ ಯಾರನ್ನೂ ಗುಣ ಮಾಡುವುದಿಲ್ಲ. ಪ್ಲಾಕ್ ಕಣ್ಣಿಗೆ ಕಂಡಿದ್ದರಿಂದ ಸರಿಯಾದ ಜನರಿಗೆ ಸ್ಟ್ಯಾಟಿನ್, ಆಸ್ಪಿರಿನ್ ಶುರುವಾಯಿತು. ಆ ವ್ಯತ್ಯಾಸಕ್ಕೆ ಮುಖ್ಯ ಕಾರಣ ಅದೇ ಎನ್ನುತ್ತಾರೆ. ದಾಲ್ ಮಿಲ್ಲಿನವರ ಮಗನಿಗೆ ಗುಳಿಗೆ ಬಿಡಬೇಡ ಅಂದದ್ದು ಇದಕ್ಕೇ. ಸ್ಟ್ಯಾಟಿನ್ ಕೊಲೆಸ್ಟರಾಲ್ ಇಳಿಸುವುದರ ಜೊತೆಗೆ ಉರಿಯೂತವನ್ನೂ ತಗ್ಗಿಸುತ್ತದೆ.

ಬೇರೆ ಪರೀಕ್ಷೆಗಳು

ಎಚ್‌ಎಸ್ ಸಿಆರ್‌ಪಿ ಎಂಬ ರಕ್ತಪರೀಕ್ಷೆ ಇಡೀ ಮೈಯ ಉರಿಯೂತ ಹೇಳುತ್ತದೆ, ಅದು ಹೃದಯದ ನಾಳದ್ದೇ ಎಂದು ಹೇಳಲಾರದು. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು. 10 ದಾಟಿದ್ದರೆ ಎಲ್ಲೋ ಸೋಂಕು ಇರಬಹುದು. ಜ್ವರ ಬಂದಾಗ, ಹಲ್ಲು ಬಾತಾಗ, ಚಿಕೂನ್‌ಗುನ್ಯಾದಿಂದ ಎದ್ದ ಹೊಸದರಲ್ಲಿ ಇದನ್ನು ಮಾಡಿಸಿ ಹೆದರಬೇಡಿ. ಎರಡು ವಾರ ಬಿಟ್ಟು ಮತ್ತೆ ನೋಡಲಿ.

ಪೆಟ್ ಸ್ಕ್ಯಾನಿನಲ್ಲಿ ಉರಿಯೂತದ ಕಣಗಳು ವಿಕಿರಣದ ಗುರುತಿರುವ ಸಕ್ಕರೆಯನ್ನು ಹೀರಿಕೊಂಡು ಹೊಳೆಯುತ್ತವೆ. ತೊಡಕೆಂದರೆ ಹೃದಯದ ಸ್ನಾಯುವೂ ಸಕ್ಕರೆ ತಿನ್ನುತ್ತದೆ, ಅದರ ಹೊಳಪಿನಲ್ಲಿ ಮೂರು ನಾಲ್ಕು ಮಿಲಿಮೀಟರಿನ ನಾಳ ಮರೆಯಾಗುತ್ತದೆ. ದೊಡ್ಡ ನಾಳಗಳ ಉರಿಯೂತಕ್ಕೆ, ಅಂದರೆ ಹರೆಯದ ಹೆಣ್ಣುಮಕ್ಕಳಲ್ಲಿ ಕಾಣುವ ಟಕಯಾಸು ಕಾಯಿಲೆಗೆ ಅದು ಬಹಳ ಉಪಯೋಗ. ಒಂದು ಕೈಯಲ್ಲಿ ನಾಡಿ ಸಿಗದಿದ್ದರೆ, ಎರಡು ಕೈಯ ಬಿಪಿಯಲ್ಲಿ ಬಹಳ ಅಂತರವಿದ್ದರೆ ಅದನ್ನು ನೆನೆಯಬೇಕು.

ಮಕ್ಕಳ ವಿಷಯ ಬೇರೆ. ಐದು ದಿನ ಬಿಡದ ಜ್ವರ, ಕೀವಿಲ್ಲದೆ ಕೆಂಪಾದ ಕಣ್ಣು, ಒಡೆದ ತುಟಿ, ಕೆಂಪು ನಾಲಿಗೆ, ಮೈಮೇಲೆ ದದ್ದು, ಊದಿದ ಕೈಕಾಲು ಇದ್ದರೆ ಕವಾಸಕಿ ಕಾಯಿಲೆ ಇರಬಹುದು. ಅದು ನೇರವಾಗಿ ಹೃದಯದ ನಾಳಗಳ ಉರಿಯೂತ. ಅದಕ್ಕೆ ಮೊದಲ ಪರೀಕ್ಷೆ ಎಕೋ. ಜ್ವರ ಶುರುವಾದ ಹತ್ತು ದಿನದೊಳಗೆ ಇಮ್ಯುನೊಗ್ಲೊಬ್ಯುಲಿನ್ ಇಂಜೆಕ್ಷನ್ ಬಿದ್ದರೆ ನಾಳ ಉಬ್ಬುವ ಅಪಾಯ ಬಹಳ ಇಳಿಯುತ್ತದೆ. ಇಂಥ ಮಗುವನ್ನು "ದಡಾರ ಆಗಿದೆ" ಎಂದು ಮನೆಯಲ್ಲಿಟ್ಟುಕೊಳ್ಳಬೇಡಿ.

ಉರಿಯೂತಕ್ಕೆಂದೇ ಗುಳಿಗೆ ಇಲ್ಲವೇ ಎಂದು ಓದಿದವರು ಕೇಳುತ್ತಾರೆ. ಗೌಟ್ ಎಂಬ ಕೀಲುನೋವಿಗೆ ಕೊಡುವ ಕೊಲ್ಚಿಸಿನ್ ಅನ್ನು ದಿನಕ್ಕೆ 0.5 ಮಿಲಿಗ್ರಾಂನಂತೆ ಹೃದ್ರೋಗಿಗಳಿಗೆ ಕೊಟ್ಟು 2019 ಮತ್ತು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಲ್ಲಿ ಅಟ್ಯಾಕ್‌ನಂಥ ತೊಂದರೆ ಕಡಿಮೆಯಾಯಿತು. 2023ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆಯೂ ಸಿಕ್ಕಿತು. ಅಟ್ಯಾಕ್ ಆದ ಕೂಡಲೇ ಶುರು ಮಾಡಿದ 2024ರ ಇನ್ನೊಂದು ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಕಿಡ್ನಿ ಕೆಟ್ಟವರಿಗೆ ಅದು ವಿಷವಾಗಬಹುದು, ಕೆಲವು ಆಂಟಿಬಯೋಟಿಕ್ ಜೊತೆಗೂ ಆಗದು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳುವ ಗುಳಿಗೆ ಅದಲ್ಲ.

ತಂಬಾಕು ಬಿಡುವುದು, ಬಿಪಿ, ಸಕ್ಕರೆ, ಎಲ್‌ಡಿಎಲ್ ಹತೋಟಿಗೆ ತರುವುದು, ಹುಳುಕು ಹಲ್ಲು ಮತ್ತು ಕೀವಾದ ಒಸಡಿಗೆ ಚಿಕಿತ್ಸೆ ಮಾಡಿಸುವುದು, ಇವಕ್ಕೆ ಯಾವ ಸ್ಕ್ಯಾನಿಗೂ ಕಾಯಬೇಕಾಗಿಲ್ಲ.

ಇನ್ನು, ಸಿಟಿ ಮತ್ತೆ ಯಾವಾಗ ಎಂಬ ಪ್ರಶ್ನೆ. ವರ್ಷಕ್ಕೊಮ್ಮೆ ಮಾಡಿಸುವ ಪರೀಕ್ಷೆ ಇದಲ್ಲ, "ಫುಲ್ ಬಾಡಿ ಪ್ಯಾಕೇಜಿನಲ್ಲಿ ಅಗ್ಗ" ಎಂದು ಮಾಡಿಸುವುದಂತೂ ಬೇಡವೇ ಬೇಡ. ಮೊದಲು ಒಂದು ಫರ್ಲಾಂಗು ನಡೆದರೆ ಬರುತ್ತಿದ್ದ ನೋವು ಈಗ ಅಂಗಳದಲ್ಲೇ ಬರುತ್ತಿದ್ದರೆ, ಕೂತಲ್ಲೇ ಬರುತ್ತಿದ್ದರೆ, ನನ್ನಲ್ಲಿಗೆ ಹೊಸ ತಾರೀಕು ಕೇಳಲು ಬರಬೇಡಿ. ಹಳೆಯ ವರದಿ, ಸಿಡಿ ಹಿಡಿದು ಅವತ್ತೇ ಹೃದಯದ ಡಾಕ್ಟರ ಹತ್ತಿರ ಹೋಗಿ.